ರಾಗಿ ಬಿತ್ತುವ ಮುಂಚೆ ಬೀಜವನ್ನು ನೆನೆಸಿ ಒಣಗಿಸಿ

ಬಿತ್ತನೆ ಆದ ಮೇಲೆ ಮಳೆ ಕೈಕೊಡೋದು ಈಗ ಜಾಸ್ತಿ ಆಗಿದೆ, ಅಲ್ವಾ? ರಾಗಿ ಬೀಜವನ್ನು ಹಾಗೇ ಬಿತ್ತಬೇಡಿ. 1 ಕೆಜಿ ಬೀಜಕ್ಕೆ 1 ಲೀಟರ್ ನೀರು ಹಾಕಿ 6 ಗಂಟೆ ನೆನೆಸಿ. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ 2 ದಿನ ಇಡಿ. ಕಾಳಿನ ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಕಂಡ ತಕ್ಷಣ ಬಿಚ್ಚಿ, ನೆರಳಲ್ಲಿ 2 ದಿನ ಒಣಗಿಸಿ. ಕೈಗೆ ಅಂಟದೆ ಸರಾಗವಾಗಿ ಉದುರಿದರೆ ಕೂರಿಗೆಗೆ (ಸಾಲಾಗಿ ಬೀಜ ಬಿತ್ತುವ ಸಾಧನ) ಹಾಕಬಹುದು. ಮೊಳಕೆಯ ಅರ್ಧ ಕೆಲಸ ಬೀಜದೊಳಗೆ ಮೊದಲೇ ಮುಗಿದಿರುತ್ತೆ. ಹಾಗಾಗಿ ಮಣ್ಣಲ್ಲಿ ಇರುವ ಹದದಲ್ಲೇ (ತೇವದಲ್ಲೇ) ಬೇಗ, ಒಂದೇ ಸಮ ಹುಟ್ಟಿ ಬೇರು ಬಿಡುತ್ತೆ. ಮಧ್ಯೆ ಮಳೆ ತಡೆದರೂ ಪೈರು ತಡೆದುಕೊಳ್ಳುತ್ತೆ. ಆದರೆ ಬಿಳಿ ಮೊಳಕೆ ಉದ್ದ ಬಂದುಬಿಟ್ಟರೆ ಒಣಗಿಸುವಾಗಲೇ ಸಾಯುತ್ತೆ, ಬಿತ್ತಿ ಪ್ರಯೋಜನ ಇಲ್ಲ. ಬಿಸಿಲಿಗೆ ಹರಡಲೇಬೇಡಿ. ಒಣಗಿಸಿದ ಬೀಜವನ್ನು ಸುಮ್ನೆ ಮುಂದಿನ ಮಳೆಗೆ ಅಂತ ಎತ್ತಿಡಬೇಡಿ, ಹುಟ್ಟುವ ಶಕ್ತಿ ಕಡಿಮೆ ಆಗುತ್ತೆ. ಹದವೇ ಇಲ್ಲದ ಭೂಮಿಯಲ್ಲಿ ಇದೂ ಕೈಹಿಡಿಯಲ್ಲ. ಔಷಧಿ ಹಚ್ಚಿದ ಪ್ಯಾಕೆಟ್ ಬೀಜ ನೆನೆಸಿದರೆ ಔಷಧಿ ತೊಳೆದುಹೋಗುತ್ತೆ, ಅದಕ್ಕೆ ಇದು ಬೇಡ. ಮಳೆ ತೀರಾ ತಡವಾದರೆ ತಳಿಯನ್ನೇ ಬದಲಾಯಿಸಿ, 100 ದಿನದೊಳಗೆ ಬರುವ ಜಿಪಿಯು 48 ತರಹದ್ದು ನೋಡಿ.