ಪಂದಿಕರಿ ತಿನ್ನುವವಳಿಗೂ ಬಿ12 ಕಮ್ಮಿ: ಥೈರಾಯ್ಡ್ ಜೊತೆ ನನ್ನ ಅನುಭವ

ಥೈರಾಯ್ಡ್ ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದೀರಿ, ಥೈರಾಯ್ಡ್ ಹತೋಟಿಯಲ್ಲಿದೆಯಾ ಅಂತ ತೋರಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆ ಕೂಡ ಸರಿ ಇದೆ, ಆದರೂ ಸುಸ್ತು ಬಿಡುತ್ತಿಲ್ಲ ಅಂದರೆ ಒಮ್ಮೆ ವಿಟಮಿನ್ ಬಿ12 ನೋಡಿಸಿ. ಕಂಡವರಿಗೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಕಾಫಿ ತೋಟದಲ್ಲಿ ರೈಟರ್ ಕೆಲಸ. ಹಾಜರಿ ಹಾಕುವುದು, ಚೆಕ್‌ರೋಲ್ ಬರೆಯುವುದು, ಕೊಯ್ಲಿನಲ್ಲಿ ಹಣ್ಣು ತೂಕ ಹಾಕಿಸುವುದು, ಉಳಿದ ಹೊತ್ತು ತೋಟ ಹತ್ತಿ ಇಳಿಯುವುದು. ನನಗಿರುವುದು ಹಾಶಿಮೊಟೊ ಥೈರಾಯ್ಡ್. ನಮ್ಮ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. 1912ರಲ್ಲಿ ಇದನ್ನು ವಿವರಿಸಿದ ಜಪಾನಿ ಡಾಕ್ಟರ್ ಹೆಸರನ್ನೇ ಇಟ್ಟಿದ್ದಾರೆ. ಥೈರಾಯ್ಡ್ ವಿರುದ್ಧದ ಟಿಪಿಒ ಆಂಟಿಬಾಡಿ ರಕ್ತದಲ್ಲಿ ಇದೆಯಾ ಅಂತ ಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ತೊಂದರೆ ಏನಂದರೆ, ಥೈರಾಯ್ಡ್ ಕಮ್ಮಿಯಾದರೂ ಬಿ12 ಕಮ್ಮಿಯಾದರೂ ಲಕ್ಷಣ ಹೆಚ್ಚುಕಮ್ಮಿ ಒಂದೇ. ಸುಸ್ತು, ಮರೆವು, ಮಂಕು, ಯಾವ ಕೆಲಸಕ್ಕೂ ಮನಸ್ಸಿಲ್ಲದಿರುವುದು. ಹೀಗಾಗಿ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಿಬಿಡುವುದು ಸುಲಭ. ನನಗೆ ಬೇರೆ ಏನೋ ಇದೆ ಅನ್ನಿಸಿದ್ದು ಎರಡು ಕಾರಣಕ್ಕೆ. ಒಂದು, ನಾಲಿಗೆ. ಕೆಂಪಗೆ, ನುಣ್ಣಗೆ ಆಗಿತ್ತು. ಬಿಸಿ ಅಕ್ಕಿರೊಟ್ಟಿಗೆ ಚೂರು ಖಾರದ ಚಟ್ನಿ ಹಚ್ಚಿದರೂ ಉರಿ. ಇನ್ನೊಂದು, ಕಾಲು. ಪಾದ ಜುಮ್ಮೆನ್ನುವುದು ಸುಮಾರು ದಿನದಿಂದ ಇತ್ತು. ಒಂದು ಸಂಜೆ ಗಂಬೂಟ್ ಬಿಚ್ಚಿ ಕೊಡವಿದರೆ ಒಳಗಿಂದ ಒಂದು ಕಾಫಿ ಬೀಜ ಬಿತ್ತು. ಸಾಕ್ಸ್ ತೆಗೆದು ನೋಡಿದೆ. ಹಿಮ್ಮಡಿಯ ಪಕ್ಕ ಚರ್ಮದ ಮೇಲೆ ಆ ಬೀಜದ ಅಚ್ಚು ಮೂಡಿತ್ತು, ನಡುವಿನ ಗೀರು ಸಮೇತ. ಬೆಳಗ್ಗೆಯಿಂದ ಅದನ್ನು ತುಳಿದುಕೊಂಡೇ ಓಡಾಡಿದ್ದೆ. ಒಂಚೂರೂ ಗೊತ್ತಾಗಿರಲಿಲ್ಲ.

ಮೈಸೂರಿನ ಡಾಕ್ಟರಿಗೆ ನಾಲಿಗೆ, ಕಾಲು ಎರಡರ ವಿಷಯವನ್ನೂ ಮೊದಲೇ ಹೇಳಿದೆ. ಸುಸ್ತು ಅಂತ ಮಾತ್ರ ಹೇಳಿದ್ದರೆ ಥೈರಾಯ್ಡ್ ಡೋಸ್ ಕಡೆಗೇ ಮಾತು ಹೋಗುತ್ತಿತ್ತೇನೋ. ಅವರು ರಕ್ತ ಪರೀಕ್ಷೆ ಬರೆದರು. ಟಿಎಸ್‌ಎಚ್ 2.6, ಏನೂ ತಕರಾರಿಲ್ಲ. ಬಿ12 ಮಾತ್ರ 148. ಲ್ಯಾಬಿನವರು ಬರೆಯುವುದು ಒಂದು ಮಿಲಿಲೀಟರಿಗೆ ಎಷ್ಟು ಪಿಕೋಗ್ರಾಂ ಅಂತ. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. 200ರಿಂದ 300ರ ಮಧ್ಯೆ ಇದ್ದರೆ ಲಕ್ಷಣ ನೋಡಿ ತೀರ್ಮಾನ ಮಾಡುತ್ತಾರೆ. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಇತ್ತು. ಎಂಸಿವಿ 103, ಅಂದರೆ ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದಪ್ಪ.

ಮನೆಯಲ್ಲಿ ಯಾರೂ ನಂಬಲಿಲ್ಲ. "ಅದು ಸೊಪ್ಪು ತರಕಾರಿ ತಿನ್ನೋರಿಗೆ ಬರೋದಲ್ವಾ? ನಮ್ಮ ಮನೇಲಿ ಪಂದಿಕರಿ ಇಲ್ಲದ ಹಬ್ಬ ಇದ್ಯಾ?" ಅಂದರು ಅತ್ತೆ. ಅವರು ಕೇಳಿದ್ದರಲ್ಲಿ ನ್ಯಾಯ ಇದೆ. ಬಿ12 ಗಿಡದಲ್ಲಿ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲೇ ಸಿಗಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾಗಿದ್ದು 2ರಿಂದ 2.5 ಮೈಕ್ರೋಗ್ರಾಂ ಅಷ್ಟೇ. ನಾನು ತಿನ್ನುವುದರಲ್ಲಿ ಅಷ್ಟು ಧಾರಾಳವಾಗಿ ಇತ್ತು.

ತಿಂದದ್ದು ರಕ್ತಕ್ಕೆ ಸೇರುತ್ತಿರಲಿಲ್ಲ. ಡಾಕ್ಟರ್ ಚೀಟಿಯ ಹಿಂದೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಮಾಂಸದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಅದನ್ನು ಬಿಡಿಸುತ್ತದೆ. ಅದೇ ಜಠರದ ಗೋಡೆಯ ಪೆರೈಟಲ್ ಕಣಗಳು ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಒಂದು ವಸ್ತುವನ್ನೂ ಸುರಿಸುತ್ತವೆ. ಬಿ12ಗೆ ಅದೇ ಗೇಟ್‌ಪಾಸ್. ಅದಿಲ್ಲದಿದ್ದರೆ ಎಷ್ಟೇ ಲೋಡ್ ಬಂದರೂ ಸಣ್ಣ ಕರುಳಿನ ತುದಿಯಲ್ಲಿ ಒಳಗೆ ಬಿಡುವುದಿಲ್ಲ. ಹಾಶಿಮೊಟೊ ಇರುವ ಕೆಲವರಲ್ಲಿ ರೋಗನಿರೋಧಕ ಶಕ್ತಿ ಥೈರಾಯ್ಡ್‌ಗೆ ಮಾಡಿದ್ದನ್ನೇ ಈ ಕಣಗಳಿಗೂ ಮಾಡುತ್ತದೆ. ನನ್ನ ರಕ್ತದಲ್ಲಿ ಪೆರೈಟಲ್ ಕಣಗಳ ವಿರುದ್ಧದ ಆಂಟಿಬಾಡಿ ಸಿಕ್ಕಿತು. ಎಂಡೋಸ್ಕೋಪಿಯೂ ಆಯಿತು. ಈ ಥರ ಸವೆದ ಜಠರದಲ್ಲಿ ಗಡ್ಡೆ ಬೆಳೆಯುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅದಕ್ಕೇ ಒಳಗೆ ಒಮ್ಮೆ ನೋಡಿಬಿಡುವುದು. ಗಂಟಲಿಗೆ ಸ್ಪ್ರೇ ಹೊಡೆಯುತ್ತಾರೆ, ಬೇಗ ಮುಗಿಯುತ್ತದೆ. ಹೆದರಿದಷ್ಟೇನೂ ಇಲ್ಲ.

ಎಲ್ಲರಿಗೂ ಕಾರಣ ಇದೇ ಇರಬೇಕಾಗಿಲ್ಲ. ಅತ್ತೆ ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್ಫಾರ್ಮಿನ್ ತಗೊಳ್ಳುತ್ತಾರೆ, ಅದೂ ಬಿ12 ಇಳಿಸುತ್ತದೆ. ನನ್ನ ನೆಪದಲ್ಲಿ ಅವರಿಗೂ ಪರೀಕ್ಷೆ ಆಯಿತು. 230 ಬಂತು! ಆಮೇಲೆ ಪಂದಿಕರಿ ಮಾತು ಎತ್ತಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಗ್ಯಾಸ್ ಮಾತ್ರೆ ನುಂಗುವವರೂ ನೋಡಿಸಿಕೊಳ್ಳುವುದು ಒಳ್ಳೆಯದು. ಆ ಮಾತ್ರೆ ಆಮ್ಲ ಇಳಿಸುತ್ತದೆ. ಆಮ್ಲ ಇಳಿದರೆ ಊಟದ ಬಿ12ಗೂ ಕಷ್ಟ, ಥೈರಾಯ್ಡ್ ಮಾತ್ರೆಗೂ ಕಷ್ಟ.

ನನಗೆ ಶುರುವಾಗಿದ್ದು ಇಂಜೆಕ್ಷನ್‌ನಿಂದ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಮದ್ದು ನೋಡಲು ಚೆಂದ, ಒಳ್ಳೇ ಕೆಂಪು. ಅದರಲ್ಲಿರುವ ಕೋಬಾಲ್ಟ್‌ನಿಂದ ಆ ಬಣ್ಣ. ಬೆಳಕು ಬಿದ್ದರೆ ಕೆಡುತ್ತದೆ ಅಂತ ಕಂದು ಗಾಜಿನ ಆಂಪೂಲ್‌ನಲ್ಲಿ ಬರುತ್ತದೆ. ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಒಂದೊಂದೇ ಆರೋಗ್ಯ ಕೇಂದ್ರಕ್ಕೆ ಒಯ್ದು ಹಾಕಿಸಿಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಮರ ಬಿದ್ದು ಬಸ್ ನಿಂತರೆ ತಪ್ಪುತ್ತಿತ್ತು. ತಿಂಗಳ ಇಂಜೆಕ್ಷನ್ ಒಂದೆರಡು ದಿನ ಹಿಂದೆಮುಂದೆ ಆದರೆ ತೊಂದರೆ ಇಲ್ಲ ಅಂದರು ಸಿಸ್ಟರ್. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಸಂಗ್ರಹ ಇರುತ್ತದೆ. ಅದಕ್ಕೇ ಕೊರತೆ ಕಾಣಿಸಿಕೊಳ್ಳುವುದೂ ಅಷ್ಟು ನಿಧಾನ.

ಮೊದಲು ಸರಿಹೋಗಿದ್ದು ನಾಲಿಗೆ. ಆಮೇಲೆ ಸುಸ್ತು. ಕಾಲು ಮಾತ್ರ ತಿಂಗಳುಗಟ್ಟಲೆ ಸತಾಯಿಸಿತು. ಶುರುವಿನಲ್ಲಿ ಜುಮ್ಮೆನ್ನುವುದು ಇನ್ನೂ ಜಾಸ್ತಿಯಾಗಿತ್ತು. ಕೆಲವರಿಗೆ ಹಾಗಾಗುತ್ತದೆ, ಗಾಬರಿಯಾಗಿ ನಿಲ್ಲಿಸಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಎಡಗಾಲಿನ ಹೆಬ್ಬೆರಳು ಈಗಲೂ ಪೂರ್ತಿ ನನ್ನದಲ್ಲ. ಕೊರತೆ ಬಹಳ ಕಾಲ ಹಾಗೇ ಉಳಿದರೆ ನರದ ಹಾನಿ ಪೂರ್ತಿ ವಾಪಸ್ ಬರುವುದಿಲ್ಲ.

ಈಗ ದಿನಾ 1000 ಮೈಕ್ರೋಗ್ರಾಂ ಮಾತ್ರೆ. ಗೇಟ್‌ಪಾಸ್ ಇಲ್ಲದವಳಿಗೆ ಮಾತ್ರೆ ಹೇಗೆ ಸಾಕು ಅಂತ ನಾನೂ ಕೇಳಿದೆ. ದೊಡ್ಡ ಡೋಸ್ ಕೊಟ್ಟರೆ ಅದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತಾನಾಗೇ ಕರುಳಿನೊಳಗೆ ಇಂಗುತ್ತದಂತೆ. 1000ದಲ್ಲಿ 10 ಮೈಕ್ರೋಗ್ರಾಂ ಸೇರಿದರೂ ಬೇಕಾದ್ದಕ್ಕಿಂತ ಜಾಸ್ತಿಯೇ. ಜೀವನ ಪೂರ್ತಿ ತಗೋಬೇಕು, ಥೈರಾಯ್ಡ್ ಮಾತ್ರೆ ಹಾಗೆ.

ಬೆಳಗಿನ ಕ್ರಮ ಹೀಗಿದೆ. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ, ಬರೀ ನೀರಿನಲ್ಲಿ. ಒಂದು ಗಂಟೆ ಬಿಟ್ಟು ಕಾಫಿ. ಕೊಡಗಿನವರಿಗೆ ಇದು ಸಣ್ಣ ಶಿಕ್ಷೆ ಅಲ್ಲ! ಮನೆಯೆಲ್ಲಾ ಬೆಲ್ಲದ ಕಾಫಿ ಘಮ ಅಂತಿರುತ್ತದೆ, ನಾನು ಗಡಿಯಾರ ನೋಡುತ್ತಿರುತ್ತೇನೆ. ಕಾಫಿ ಥೈರಾಕ್ಸಿನ್ ಹೀರುವುದನ್ನು ತಡೆಯುತ್ತದೆ, ಬೇರೆ ದಾರಿ ಇಲ್ಲ. ಬಿ12 ಮಧ್ಯಾಹ್ನ ಊಟದ ಹೊತ್ತಿಗೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದ್ದರೆ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರ. ಬಿ ಕಾಂಪ್ಲೆಕ್ಸ್ ಕೊಳ್ಳುವಾಗ ಸ್ಟ್ರಿಪ್ ತಿರುಗಿಸಿ ಓದಿ, ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಕಬ್ಬಿಣ, ಸತು ಎಲ್ಲಾ ಸೇರಿಸಿರುತ್ತಾರೆ.

ಸ್ಟ್ರಿಪ್ ಓದಬೇಕಾದ ಇನ್ನೂ ದೊಡ್ಡ ಕಾರಣ ಬಯೋಟಿನ್. ಅದೂ ಬಿ ಗುಂಪಿನದ್ದೇ, ಬಿ7. ಥೈರಾಯ್ಡ್ ಇದ್ದವರಿಗೆ ಕೂದಲು ಉದುರುತ್ತದೆ, ಕೂದಲಿಗೆ ಅಂತ ಎಲ್ಲರೂ 5, 10 ಮಿಲಿಗ್ರಾಂ ಬಯೋಟಿನ್ ನುಂಗುತ್ತಾರೆ. ಎಷ್ಟೋ ಲ್ಯಾಬ್‌ಗಳ ಥೈರಾಯ್ಡ್ ಪರೀಕ್ಷೆ ನಡೆಯುವುದೇ ಬಯೋಟಿನ್ ಅಂಟಿಕೊಳ್ಳುವ ಗುಣದ ಮೇಲೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಮ್ಮಿ ತೋರಿಸುತ್ತದೆ, ಥೈರಾಯ್ಡ್ ಹಾರ್ಮೋನ್ ಆದ ಟಿ4 ಸುಳ್ಳೇ ಜಾಸ್ತಿ. ಡೋಸ್ ಜಾಸ್ತಿಯಾಗಿದೆ ಅಂತ ಇಳಿಸಿದರೆ ಕಥೆ ಮುಗಿಯಿತು. ರಕ್ತ ಕೊಡುವ ಎರಡು ದಿನ ಮೊದಲಾದರೂ ನಿಲ್ಲಿಸಬೇಕು, ದೊಡ್ಡ ಡೋಸ್ ಆದರೆ ಇನ್ನೂ ಮೊದಲು. ನನ್ನನ್ನು ಯಾವ ಲ್ಯಾಬಿನವರೂ ಇದನ್ನು ಕೇಳಿಲ್ಲ. ನಾವೇ ಹೇಳಬೇಕು.

ಬಿ12 ಕಮ್ಮಿ ಇರುವಾಗ ಬರೀ ಫೋಲಿಕ್ ಆಸಿಡ್ ತಗೊಂಡು ಸುಮ್ನಿರುವುದೂ ಅಪಾಯ. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. "ನರದ ಮಾತ್ರೆ" ಅಂತ ಕೊಡುವುದರಲ್ಲಿ ಬಿ6 ಜಾಸ್ತಿ ಇದ್ದು, ಅದನ್ನೇ ವರ್ಷಗಟ್ಟಲೆ ತಿಂದರೆ ಕಾಲು ಜುಮ್ಮೆನ್ನುವುದು ಅದರಿಂದಲೇ ಬರಬಹುದು.

ಊಟದಲ್ಲಿ ಏನೂ ಬಿಟ್ಟಿಲ್ಲ. ಅತ್ತೆ ರಕ್ತ ಆಗಲಿ ಅಂತ ಲಿವರ್ ಹುರಿದು ಬಡಿಸುತ್ತಾರೆ. ಬಿ12 ರಕ್ತಕ್ಕೆ ಸೇರದ ಇದೇ ಕಾಯಿಲೆಗೆ 1920ರ ದಶಕದಲ್ಲಿ ಅಮೆರಿಕದಲ್ಲಿ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಬದುಕಿಸಿದ್ದರು, ಆ ಡಾಕ್ಟರುಗಳಿಗೆ 1934ರಲ್ಲಿ ನೊಬೆಲ್ ಸಿಕ್ಕಿತು. ಅತ್ತೆಗೆ ಇದನ್ನು ಹೇಳಿ ತಪ್ಪಾಯಿತು, ಈಗ ತಟ್ಟೆ ತುಂಬ ಹಾಕುತ್ತಾರೆ. ಮಳೆಗಾಲದ ಕಣಿಲೆ, ಅಂದರೆ ಎಳೆ ಬಿದಿರನ್ನು ಮಾತ್ರ ಚೆನ್ನಾಗಿ ನೆನೆಸಿ, ನೀರು ಬದಲಿಸಿ, ಬೇಯಿಸಿ ಬಸಿದೇ ತಿನ್ನುತ್ತೇನೆ. ಹಸಿ ಕಣಿಲೆಯಲ್ಲಿರುವ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ, ಥೈರಾಯ್ಡ್‌ಗೆ ಅಯೋಡಿನ್ ಸೇರುವುದನ್ನು ತಡೆಯುತ್ತದೆ.

ನನ್ನ ತಂಗಿಗೂ ಟಿಪಿಒ ಪಾಸಿಟಿವ್ ಬಂದಿದೆ. ಅವಳ ಬಿ12 ಸದ್ಯಕ್ಕೆ 340, ಮದ್ದು ಬೇಡ ಅಂದಿದ್ದಾರೆ. ಪ್ರತಿ ವರ್ಷ ಪುತ್ತರಿ ಹಬ್ಬಕ್ಕೆ ತವರಿಗೆ ಬಂದಾಗ ಇಬ್ಬರೂ ಒಟ್ಟಿಗೆ ಹೋಗಿ ಟಿಎಸ್‌ಎಚ್, ಬಿ12, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಮೂರಕ್ಕೂ ರಕ್ತ ಕೊಟ್ಟು ಬರುತ್ತೇವೆ.