ಕಾರ್ಡ್ ತರಲು ಹೋಗಿ ರ‍್ಯಾಮ್ ತಂದೆ

2024ರ ದೀಪಾವಳಿ ಬೋನಸ್ ಕೈಗೆ ಬಂದಾಗ ತಲೆಯಲ್ಲಿ ಇದ್ದದ್ದು ಒಂದೇ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060. ನನ್ನ ಹತ್ತಿರ ಇರುವುದು 6 ಜಿಬಿಯ ಜಿಟಿಎಕ್ಸ್ 1660 ಸೂಪರ್, 2020ರಲ್ಲಿ ಹಾಕಿಸಿದ್ದು. ಜೊತೆಗೆ ರೈಜನ್ 5 2600 ಪ್ರೊಸೆಸರ್, 450 ವ್ಯಾಟ್ ಪವರ್ ಸಪ್ಲೈ, 144 ಹರ್ಟ್ಜ್ ಮಾನಿಟರ್. ರಾತ್ರಿ ಊಟ ಮುಗಿಸಿ ಗೆಳೆಯರ ಜೊತೆ ಕೌಂಟರ್ ಸ್ಟ್ರೈಕ್ 2 ಆಡುವಾಗ ಯಾರಾದರೂ ಸ್ಮೋಕ್ (ಹೊಗೆ ಬಾಂಬ್) ಎಸೆದರೆ ಸಾಕು, ಚಿತ್ರ ಒಂದು ಕ್ಷಣ ತಡವರಿಸುತ್ತಿತ್ತು, ಅಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಕಾರ್ಡ್ ಹಳೆಯದಾಯ್ತು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡಿಗೆ ಹೋದೆ. ಹೊಸ 4060ಗೆ ಸುಮಾರು 29 ಸಾವಿರ ಹೇಳಿದರು. ಇನ್ನೊಂದು ಕಡೆ 12 ಜಿಬಿಯ ಹಳೇ 3060 ಅರ್ಧ ರೇಟಿಗೆ ಇತ್ತು, ಆದರೆ ಬಿಲ್ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡ್ ಓಡಿಸಿ ಎಥೀರಿಯಮ್ ಅನ್ನುವ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ವರ್ಷಗಟ್ಟಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಹಳೇ ಮಾಲಿನ ಅಂಗಡಿಗಳಿಗೆ ಬಂದು ಬಿದ್ದಿದ್ದವಲ್ಲ, ಇದೂ ಆ ಪೈಕಿಯದೇ ಇರಬಹುದು ಅಂತ ಧೈರ್ಯ ಬರಲಿಲ್ಲ. ಮೂರನೇ ಅಂಗಡಿಯ ಹಿರಿಯರು ಮಾತ್ರ ರೇಟ್ ಹೇಳುವ ಮೊದಲು, "ಆಟ ಆಡುವಾಗ ನಿಮ್ಮ ಕಾರ್ಡ್ ಎಷ್ಟು ಪರ್ಸೆಂಟ್ ಓಡ್ತಿದೆ ಸರ್?" ಅಂತ ಕೇಳಿದರು. ನೋಡಿಲ್ಲ ಅಂದೆ. "ನೋಡ್ಕೊಂಡು ಬನ್ನಿ, ಕಾರ್ಡ್ ಎಲ್ಲೂ ಓಡಿ ಹೋಗಲ್ಲ." ಬರಿಗೈಯಲ್ಲಿ ವಾಪಸ್ ಬಂದೆ, ಸ್ವಲ್ಪ ಸಿಟ್ಟೂ ಬಂದಿತ್ತು.

ಮನೆಗೆ ಬಂದು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಪರದೆಯ ಮೂಲೆಯಲ್ಲಿ ಕಾರ್ಡ್ ಬಳಕೆ, ಬಿಸಿ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಎಲ್ಲ ಕಾಣುತ್ತದೆ. ಕೌಂಟರ್ ಸ್ಟ್ರೈಕ್‌ನಲ್ಲಿ 110ರ ಆಸುಪಾಸು ಎಫ್‌ಪಿಎಸ್, ಗಲಾಟೆ ಆದರೆ 70. ಕಾರ್ಡ್ ಬಳಕೆ ಮಾತ್ರ 60 ಪರ್ಸೆಂಟ್! ಅಂದರೆ ಪ್ರೊಸೆಸರ್ ಕಡೆಯಿಂದ ಬರಬೇಕಾದ ಕೆಲಸಕ್ಕೆ ಕಾರ್ಡ್ ಕಾಯುತ್ತಾ ಕೂತಿದೆ. ನಂಬಿಕೆ ಬರದೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದೆ. ಕಾರ್ಡ್ ಸೋಲುತ್ತಿದ್ದರೆ ಇಷ್ಟು ಭಾರ ಇಳಿದ ಮೇಲೆ ಎಫ್‌ಪಿಎಸ್ ಜಿಗಿಯಬೇಕು ಅಲ್ವಾ? ಅಲ್ಲಾಡಲಿಲ್ಲ, ಅದೇ 110. 4060 ಹಾಕಿದ್ದರೂ ಅದೇ 110 ಬರುತ್ತಿತ್ತು, 29 ಸಾವಿರ ಕೊಟ್ಟು.

ಟಾಸ್ಕ್ ಮ್ಯಾನೇಜರ್ ತೆಗೆದೆ. 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಹೆಚ್ಚುಕಮ್ಮಿ ಪೂರ್ತಿ ತುಂಬಿದೆ. ಡಬ್ಬಿ ಮೇಲೆ ವೇಗ 3200 ಅಂತಿದ್ದರೂ ಓಡುತ್ತಿದ್ದದ್ದು 2400ರಲ್ಲಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡುವವರೆಗೂ ರ‍್ಯಾಮ್ ಡಬ್ಬಿ ಮೇಲಿನ ವೇಗದಲ್ಲಿ ಓಡುವುದಿಲ್ಲ ಅನ್ನೋದು ನಾಲ್ಕು ವರ್ಷ ನನಗೆ ಗೊತ್ತೇ ಇರಲಿಲ್ಲ. ರೈಜನ್‌ಗೆ ಇದು ಜಾಸ್ತಿ ನೋವು ಕೊಡುತ್ತದೆ, ಪ್ರೊಸೆಸರ್ ಒಳಗಿನ ಸಂಪರ್ಕದ ವೇಗವೂ ರ‍್ಯಾಮ್ ವೇಗದ ಜೊತೆಗೇ ಏರಿಳಿಯುತ್ತದೆ.

ಅದೇ ಮಾಡೆಲ್‌ನ ಇನ್ನೊಂದು 8 ಜಿಬಿ ಸ್ಟಿಕ್ ತರಿಸಿದೆ, ಸಾವಿರದ ಏಳುನೂರು ಚಿಲ್ಲರೆ. ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಹಾಕಿದರೆ ಎರಡೂ ಜೋಡಿಯಾಗಿ ಓಡುತ್ತವೆ. ಎಕ್ಸ್‌ಎಂಪಿ ಆನ್ ಮಾಡಿದರೆ 3200ರಲ್ಲಿ ಬೂಟ್ ಆಗಲಿಲ್ಲ, ಮೂರು ಸಲ ಕಪ್ಪು ಪರದೆ, ಎದೆ ಧಸಕ್ ಅಂತು. 2933ಕ್ಕೆ ಇಳಿಸಿದ ಮೇಲೆ ತೆಪ್ಪಗೆ ಕೂತಿತು. ಈಗ 150ರ ಆಚೀಚೆ ಬರುತ್ತದೆ, ಸ್ಮೋಕ್ ಬಿದ್ದರೂ 100ರ ಕೆಳಗೆ ಹೋಗುವುದು ಅಪರೂಪ.

ಹಾಗಂತ ಕಾರ್ಡ್‌ದು ತಪ್ಪೇ ಇಲ್ಲ ಅಂತಲ್ಲ. ಸೈಬರ್‌ಪಂಕ್ 2077 ಹಾಕಿದರೆ ಬಳಕೆ ಸೀದಾ 99 ಪರ್ಸೆಂಟ್, 45 ಎಫ್‌ಪಿಎಸ್, ಬಿಸಿ 83 ಡಿಗ್ರಿ. ಅಲ್ಲಿಗೆ ಮುಟ್ಟಿದ ಮೇಲೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನ್ ಹಿಂದಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹಾಸಿಗೆಯ ಹತ್ತಿ ಥರ ಒತ್ತಾಗಿ ಕೂತಿತ್ತು. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಪೇಂಟ್ ಬ್ರಷ್‌ನಿಂದ ಅರ್ಧ ಗಂಟೆ ಕೆರೆದೆ. ಈಗ 72 ಡಿಗ್ರಿ. ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಆನ್ ಮಾಡಿ, ನೆರಳು ಮತ್ತು ಪ್ರತಿಬಿಂಬದ ಸೆಟ್ಟಿಂಗ್ ಮೀಡಿಯಂಗೆ ಇಳಿಸಿದರೆ 60 ದಾಟುತ್ತದೆ. ಇದೇ ಥರದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು, ಆದರೆ ಎಫ್‌ಎಸ್‌ಆರ್ ನಮ್ಮಂಥವರ ಹಳೇ ಕಾರ್ಡಿನಲ್ಲೂ ನಡೆಯುತ್ತದೆ.

ಡಿಸೆಂಬರ್‌ನಲ್ಲಿ ಇಂಡಿಯಾನಾ ಜೋನ್ಸ್ ಆಟ ಬಂತು. ಅದಕ್ಕೆ ಕನಿಷ್ಠ ಅಂತ ಕೇಳಿದ್ದೇ ಆರ್‌ಟಿಎಕ್ಸ್ 2060 ಸೂಪರ್, ರೇ ಟ್ರೇಸಿಂಗ್ (ಬೆಳಕಿನ ಕಿರಣದ ಲೆಕ್ಕ ಹಾಕಿ ಚಿತ್ರ ಮೂಡಿಸುವ) ಹಾರ್ಡ್‌ವೇರ್ ಇಲ್ಲದ ಕಾರ್ಡಿಗೆ ಅಲ್ಲಿ ಜಾಗ ಇಲ್ಲ. ಬ್ರಷ್ಷೂ ರ‍್ಯಾಮೂ ಇಲ್ಲಿ ಕೆಲಸಕ್ಕೆ ಬರಲ್ಲ. ನಾನು ಆಡಲೇಬೇಕು ಅನ್ನುವ ಇಂಥ ಆಟ ಎರಡು ಮೂರು ಆದ ದಿನ ಮತ್ತೆ ಆ ಹಿರಿಯರ ಅಂಗಡಿಗೇ ಹೋಗುತ್ತೇನೆ. ಈ ಸಲ ಪರ್ಸೆಂಟ್ ಬರೆದುಕೊಂಡು.