ಊಟದ ಬೀದಿಗಳ ಜಾಡಿನಲ್ಲಿ ಷಿಯಾನ್

ಚೀನಾದ ಷಿಯಾನ್‌ಗೆ ಹೋಗುವುದು ನಿಶ್ಚಯವಾದ ಮೇಲೆ ನಾನು ಮೊದಲು ನಕ್ಷೆ ತೆರೆದು ಊಟದ ಬೀದಿಗಳನ್ನು ಗುರುತು ಹಾಕಿಕೊಂಡೆ. ನೋಡುವ ಜಾಗಗಳನ್ನು ಆಮೇಲೆ ಅವುಗಳ ಸುತ್ತ ಜೋಡಿಸಿದೆ. ಕೈಯಲ್ಲಿರುವುದು ಕೆಲವೇ ದಿನವಾದರೆ ಈ ಕ್ರಮವೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. ಪುರಾತನ ಕಟ್ಟಡಗಳು ಎಲ್ಲಿಗೂ ಹೋಗುವುದಿಲ್ಲ, ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಚೀನಾದಲ್ಲಿ ಜನ ಬೇಗ ಉಣ್ಣುತ್ತಾರೆ. ಹನ್ನೊಂದೂವರೆಗೆಲ್ಲ ಮಧ್ಯಾಹ್ನದ ಊಟ, ಸಂಜೆ ಆರಕ್ಕೆ ರಾತ್ರಿಯದು. ನಮ್ಮ ಊರಿನಂತೆ ರಾತ್ರಿ ಒಂಬತ್ತೂವರೆಗೆ ಹೋದರೆ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ.

ಬೀಜಿಂಗ್, ಶಾಂಘೈ ಬಿಟ್ಟು ಈ ಊರನ್ನೇ ಆರಿಸಿದ್ದಕ್ಕೆ ಕಾರಣ ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು, ಹರ್ಷನಿಗೂ ಮಣಿಯದ ಅವನ ಜನರ ಕೆಚ್ಚನ್ನು ಬರೆದಿಟ್ಟವನು ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಆ ಭಿಕ್ಷು 645ರಲ್ಲಿ ಭಾರತದಿಂದ ಹಿಂತಿರುಗಿದ್ದು ಈ ಊರಿಗೇ. ಆಗ ಇದರ ಹೆಸರು ಚಾಂಗ್‌ಆನ್. ಅವನು ತಂದ 657 ಗ್ರಂಥಗಳು ಮತ್ತು ಮೂರ್ತಿಗಳ ರಕ್ಷಣೆಗೆಂದು 652ರಲ್ಲಿ ಕಟ್ಟಿದ ದೊಡ್ಡ ಹೆಬ್ಬಾತು ಪಗೋಡ ಇಂದಿಗೂ ನಿಂತಿದೆ. ಬಾದಾಮಿ, ಐಹೊಳೆ ನೋಡಿದವರಿಗೆ ಚೀನಾದಲ್ಲಿ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ.

ಜೊತೆಗೆ ಬಂದವಳು ನನ್ನ ಅಕ್ಕ. ನಾನು ಮಾಂಸ ತಿನ್ನುತ್ತೇನೆ, ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಇಬ್ಬರಿಗೂ ಹೊಟ್ಟೆ ತುಂಬುವ ಬೀದಿ ಯಾವುದು ಎಂಬುದೇ ನಮ್ಮ ಯೋಜನೆಯ ತಿರುಳಾಯಿತು.

ಹೊರಡುವ ಮುಂಚಿನ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಅಕ್ಟೋಬರ್ ಮೊದಲ ವಾರ ಅಲ್ಲಿ ರಾಷ್ಟ್ರೀಯ ದಿನದ ರಜೆ, ಇಡೀ ದೇಶವೇ ಪ್ರವಾಸದಲ್ಲಿರುತ್ತದೆ. ಅದನ್ನು ತಪ್ಪಿಸಿ ತಿಂಗಳ ಕೊನೆಗೆ ಹೋದೆವು. ಅಲಿಪೇ ಆ್ಯಪ್‌ಗೆ ನಮ್ಮ ಅಂತಾರಾಷ್ಟ್ರೀಯ ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ಪರಿಶೀಲನೆಯನ್ನು ಮನೆಯಲ್ಲಿಯೇ ಮುಗಿಸಿಕೊಂಡೆ. ಗೆಣಸು ಸುಡುವ ಅಜ್ಜನೂ ಕ್ಯೂಆರ್ ಕೋಡ್ ತೋರಿಸುವ ಊರದು. ವಿದೇಶಿ ಕಾರ್ಡಿನಿಂದ 200 ಯುವಾನ್‌ಗಿಂತ ದೊಡ್ಡ ಮೊತ್ತ ಕೊಟ್ಟರೆ ಶೇ 3ರಷ್ಟು ಶುಲ್ಕ ಬೀಳುತ್ತದೆ. ಊಟದ ಬಿಲ್ ಅಷ್ಟಾಗುವುದು ಅಪರೂಪ, ಹಾಗಾಗಿ ಚಿಂತೆಯಿಲ್ಲ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಆದರೆ ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ ಇಂಟರ್ನೆಟ್ ನಮ್ಮ ಕಂಪನಿಯ ಜಾಲದ ಮೂಲಕ ಹಾದುಬರುವುದರಿಂದ ಎರಡೂ ನಡೆಯುತ್ತವೆ. ದಾರಿಗೆ ಮಾತ್ರ ಅಲ್ಲಿನದೇ ಆದ ಎಮ್ಯಾಪ್ ಬಳಸಿದೆ.

ಅಕ್ಕನಿಗಾಗಿ ಒಂದು ಚೀಟಿಯನ್ನು ಚೀನೀ ಭಾಷೆಯಲ್ಲಿ ಬರೆಸಿ ಮೊಬೈಲಿನಲ್ಲಿಟ್ಟುಕೊಂಡೆ. ಬರೀ ಸಸ್ಯಾಹಾರಿ ಎಂದರೆ ಸಾಲದು. ತರಕಾರಿಯ ಮೇಲೆ ಸ್ವಲ್ಪ ಕೊಚ್ಚಿದ ಮಾಂಸ ಉದುರಿಸುವುದು ಅಲ್ಲಿ ಸಹಜ, ಸಾರು ಮೂಳೆಯದಾಗಿರಬಹುದು. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮೂಳೆಯ ಸಾರು, ಪ್ರಾಣಿಗಳ ಕೊಬ್ಬು ಯಾವುದೂ ಬೇಡ ಎಂದು ಒಂದೊಂದಾಗಿ ಹೆಸರಿಸಿದ್ದೆ. ಚೀಟಿ ಓದಿದವರು ಒಳಗೆ ಹೋಗಿ ಅಡುಗೆಯವರಿಗೂ ತೋರಿಸಿ ಬರುತ್ತಿದ್ದರು.

ಉಳಿದುಕೊಂಡದ್ದು ಕೋಟೆಯೊಳಗೆ, ದಕ್ಷಿಣದ ಬಾಗಿಲ ಹತ್ತಿರ. ಹಳೆಯ ಊರಿನ ನಡುವೆ ಗಂಟೆ ಗೋಪುರ, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಬೀದಿ. ದಾರಿ ತಪ್ಪುವ ಮಾತೇ ಇಲ್ಲ. ಗಂಟೆ ಗೋಪುರದಿಂದ ಸ್ವಲ್ಪ ದೂರದ ನಗಾರಿ ಗೋಪುರದ ಅಡಿಯಲ್ಲಿ ನುಸುಳಿದರೆ ಹುಯಿ ಮುಸ್ಲಿಮರ ಕೇರಿ. ಗೋಪುರದ ಬೆನ್ನಿಗಿರುವ ದೊಡ್ಡ ಬೀದಿ ಬೇಯುವ್ಯಾನ್‌ಮೆನ್ ದೀಪ, ಕೂಗು, ನೂಕುನುಗ್ಗಲಿನಿಂದ ತುಂಬಿರುತ್ತದೆ. ಅಲ್ಲಿ ದಾಳಿಂಬೆ ರಸ ಕುಡಿದು ಮುಂದೆ ಸಾಗುವುದು ಒಳ್ಳೆಯದು. ನಿಜವಾದ ಊಟ ಪಕ್ಕದ ದಾಪಿಯುವಾನ್ ಓಣಿಯಲ್ಲಿ, ಇನ್ನೂ ಪಶ್ಚಿಮಕ್ಕೆ ಸಾಜಿನ್‌ಚಿಯಾವ್ ಬೀದಿಯಲ್ಲಿ ಇದೆ. ಬೆಳಗಿನ ತಿಂಡಿಗೆ ನಾವು ಸಾಜಿನ್‌ಚಿಯಾವ್‌ಗೇ ಹೋಗುತ್ತಿದ್ದೆವು. ಮೆಟ್ರೊ ನಿಲ್ದಾಣ ಬೀದಿಯ ತುದಿಯಲ್ಲೇ ಇದೆ.

ಅಕ್ಕನ ತಿಂಡಿ ಜೆಂಗ್‌ಗಾವ್. ಅಂಟಕ್ಕಿ, ಒಣಗಿದ ಕೆಂಪು ಬೋರೆಹಣ್ಣು, ದಪ್ಪ ಕಾಳುಗಳನ್ನು ಪದರ ಪದರವಾಗಿ ದೊಡ್ಡ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಕೆತ್ತಿ ಕೊಡುತ್ತಾರೆ. ಅಕ್ಕಿಗೆ ಬೋರೆಹಣ್ಣಿನ ಕಂದು ಬಣ್ಣವೂ ಸಿಹಿಯೂ ಇಳಿದಿರುತ್ತದೆ. ನನ್ನದು ಹುಲಾತಾಂಗ್, ಮೆಣಸಿನ ಖಾರದ ಗಟ್ಟಿ ಸಾರಿನಲ್ಲಿ ಗೋಮಾಂಸದ ಸಣ್ಣ ಉಂಡೆಗಳು, ಆಲೂಗಡ್ಡೆ, ಎಲೆಕೋಸು. ಮಧ್ಯಾಹ್ನಕ್ಕೆ ಅವಳಿಗೆ ಲಿಯಾಂಗ್‌ಪಿ: ಪಿಷ್ಟದ ಹಾಳೆಗಳನ್ನು ಕತ್ತರಿಸಿ ಮಾಡಿದ ತಣ್ಣನೆಯ ನೂಡಲ್ಸ್, ಮೇಲೆ ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನಕಾಯಿ ಎಣ್ಣೆ.

ಇಬ್ಬರೂ ಒಟ್ಟಿಗೆ ಮೆಚ್ಚಿದ್ದು ಯೋಪೊ ನೂಡಲ್ಸ್. ಬೆರಳುಗಳಿಗಿಂತ ಅಗಲವಾದ ಪಟ್ಟಿಗಳನ್ನು ಕೈಯಲ್ಲೇ ಎಳೆದು, ಹಲಗೆಗೆ ಬಡಿದು, ಬೇಯಿಸಿ ಬಟ್ಟಲಿಗೆ ಹಾಕುತ್ತಾರೆ. ಮೇಲೆ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಆಮೇಲೆ ಹೊಗೆಯಾಡುವ ಎಣ್ಣೆಯನ್ನು ಸುಂಯ್ ಎಂದು ಸುರಿಯುತ್ತಾರೆ. ಒಗ್ಗರಣೆ ಬೀಳುವ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತಂತೆಯೇ! ಅಕ್ಕ ಆ ಶಬ್ದ ಕೇಳಿಯೇ ಇನ್ನೊಂದು ಬಟ್ಟಲಿಗೆ ಹೇಳಿದಳು.

ಊರಿನ ಹೆಮ್ಮೆಯ ಊಟ ಪಾವ್‌ಮೊ. ಅದಕ್ಕೆ ಪುರುಸೊತ್ತು ಬೇಕು, ಹಾಗಾಗಿ ಒಂದು ಮಧ್ಯಾಹ್ನವನ್ನೇ ಅದಕ್ಕೆ ಮೀಸಲಿಟ್ಟೆ. ಖಾಲಿ ಬಟ್ಟಲು ಮತ್ತು ಗಟ್ಟಿಯಾದ ದುಂಡು ರೊಟ್ಟಿಗಳನ್ನು ನಿಮ್ಮ ಮುಂದಿಡುತ್ತಾರೆ. ರೊಟ್ಟಿಯನ್ನು ಸೋಯಾ ಕಾಳಿನಷ್ಟು ಚಿಕ್ಕದಾಗಿ ನೀವೇ ಮುರಿಯಬೇಕು. ಚೂರು ದೊಡ್ಡದಾದರೆ ಸಾರು ಒಳಗಿಳಿಯುವುದಿಲ್ಲ. ಅಕ್ಕಪಕ್ಕದ ಮೇಜಿನ ಹಿರಿಯರು ಹರಟೆ ಹೊಡೆಯುತ್ತಾ ಅರ್ಧ ಗಂಟೆ ಮುರಿಯುತ್ತಾರೆ. ಬಟ್ಟಲು ಒಳಗೆ ಹೋಗಿ, ಕುರಿ ಮಾಂಸದ ಸಾರಿನಲ್ಲಿ ಕುದಿದು, ಗಾಜಿನಂಥ ಶ್ಯಾವಿಗೆಯೊಂದಿಗೆ ಹಿಂತಿರುಗುತ್ತದೆ. ಕಲಕಬಾರದು, ಅಂಚಿನಿಂದ ಸ್ವಲ್ಪ ಸ್ವಲ್ಪವೇ ತಿನ್ನಬೇಕು, ನಡುನಡುವೆ ಸಿಹಿ ಉಪ್ಪಿನಕಾಯಿ ಬೆಳ್ಳುಳ್ಳಿ ಕಡಿಯಬೇಕು. ಅಷ್ಟು ಹೊತ್ತಿಗೆ ಅಕ್ಕ ಎದುರಿನ ಅಂಗಡಿಯ ತರಕಾರಿ ತುಂಬಿದ ರೊಟ್ಟಿ ತಂದುಕೊಂಡು ನನ್ನ ರೊಟ್ಟಿಯಲ್ಲೂ ಪಾಲು ಮುರಿದುಕೊಟ್ಟಳು.

ಊಟ ಇಲ್ಲಿ ನಿಂತ ಮೇಲೆ ನೋಟ ತಾನಾಗಿ ಸುತ್ತ ಕೂಡಿಕೊಂಡಿತು. ಅದೇ ಕೇರಿಯೊಳಗೆ ಮಹಾ ಮಸೀದಿಯಿದೆ, ಗುಮ್ಮಟವಿಲ್ಲದೆ ಚೀನೀ ಮಾಡು, ಅಂಗಳದ ಮೇಲೆ ಅಂಗಳ. ತಿಂಡಿಯ ಗದ್ದಲದಿಂದ ಅಲ್ಲಿಗೆ ಹೊಕ್ಕರೆ ಕಿವಿಗೆ ವಿಶ್ರಾಂತಿ. ಕೋಟೆಗೋಡೆ ಮಿಂಗ್ ಕಾಲದ್ದು, ಸುತ್ತಳತೆ ಸುಮಾರು 13.7 ಕಿಲೊಮೀಟರ್. ಸಂಜೆಗೆ ಸ್ವಲ್ಪ ಮುಂಚೆ ದಕ್ಷಿಣ ಬಾಗಿಲಲ್ಲಿ ಹತ್ತಿ, ಬಾಡಿಗೆ ಸೈಕಲ್ ಹಿಡಿದು ಒಂದು ಸುತ್ತು ಹಾಕಿದೆವು. ಇಟ್ಟಿಗೆ ಹಾಸು ಮೈ ಕುಲುಕಿಸುತ್ತದೆ, ಊಟವಾದ ಕೂಡಲೇ ಹತ್ತಬೇಡಿ.

ಬಾಗಿಲ ಒಳಗೇ ಇರುವ ಶಿಲಾಶಾಸನಗಳ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಟ್ಟೆ. 837ರಲ್ಲಿ ಮುಗಿದ, 114 ಕಲ್ಲುಗಳ ಮೇಲೆ ಕೆತ್ತಿದ ಕನ್ಫ್ಯೂಷಿಯನ್ ಗ್ರಂಥಗಳು ಅಲ್ಲಿ ಸಾಲಾಗಿ ನಿಂತಿವೆ. ಭಾರತೀಯರು ಅಲ್ಲಿಗೆ ಹೋಗುವುದು ಕಡಿಮೆ. ಊರೂರಿಗೂ ಶಾಸನವಿರುವ ಕರ್ನಾಟಕದವರು ಖಂಡಿತ ಹೋಗಬೇಕು.

ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ಹೂತಿಟ್ಟ ಸುಟ್ಟ ಮಣ್ಣಿನ ಸೈನ್ಯ ಊರಿಂದ ಪೂರ್ವಕ್ಕೆ, ಲಿಂಟಾಂಗ್‌ನಲ್ಲಿದೆ. ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ, ಮುಂಗಡವಾಗಿ ಕಾದಿರಿಸಿಕೊಳ್ಳಬೇಕು. ಒಂಬತ್ತನೇ ಮಾರ್ಗದ ಮೆಟ್ರೊದಲ್ಲಿ ಹುವಾಚಿಂಗ್ ಕೊಳದವರೆಗೆ, ಅಲ್ಲಿಂದ ಬಸ್. 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ ಸೈನ್ಯವಿದು. ಬಾಗಿಲು ತೆರೆದ ಕೂಡಲೇ ನೇರ ಒಂದನೆಯ ಗುಂಡಿಗೆ ಹೋದರೆ ಮುಂದಿನ ಕಂಬಿ ಹಿಡಿದು ನಿಲ್ಲಲು ಜಾಗ ಸಿಗುತ್ತದೆ, ಗುಂಪುಗಳು ಬಂದ ಮೇಲೆ ತಲೆಗಳು ಮಾತ್ರ ಕಾಣುತ್ತವೆ. ಈ ಮೂರ್ತಿಗಳಿಗೆಲ್ಲ ಬಣ್ಣವಿತ್ತು, ಅಗೆದು ಗಾಳಿ ಸೋಕಿದ ಕೂಡಲೇ ಅಡಿಯ ಅರಗು ಒಣಗಿ ಸುರುಳಿಯಾಗಿ ಉದುರಿತು ಎಂಬುದನ್ನು ಓದಿಕೊಂಡು ಹೋಗಿದ್ದೆ. ಹಾಗಾಗಿ ಮಂಡಿಯೂರಿದ ಬಿಲ್ಲುಗಾರನ ಮೈಮೇಲೆ ಉಳಿದಿರುವ ಬಣ್ಣದ ಕುರುಹನ್ನು ಹುಡುಕಿ ನೋಡಿದೆ. ಆವರಣದ ಹೋಟೆಲುಗಳಲ್ಲಿ ಉಣ್ಣಲಿಲ್ಲ. ಲಿಂಟಾಂಗ್ ದಾಳಿಂಬೆಗೂ, ಕೈಬೆರಳಿನಲ್ಲೇ ಸಿಪ್ಪೆ ಸುಲಿದುಬರುವ ಸಣ್ಣ ಕೆಂಪು ಪರ್ಸಿಮನ್ ಹಣ್ಣಿಗೂ ಹೆಸರಾದ ಊರು, ಅಕ್ಟೋಬರ್ ಕೊನೆಯಲ್ಲಿ ಎರಡೂ ರಸ್ತೆಬದಿಯಲ್ಲಿ ರಾಶಿ ಬಿದ್ದಿರುತ್ತವೆ. ಅದೇ ನಮ್ಮ ಮಧ್ಯಾಹ್ನದ ಊಟ.

ಹುವಾಶಾನ್ ಬೆಟ್ಟವನ್ನು ಬೇಕೆಂದೇ ಕೈಬಿಟ್ಟೆ. ವೇಗದ ರೈಲಿನಲ್ಲಿ ಹತ್ತಿರವೇ ಆದರೂ ಅದು ಇಡೀ ಹಗಲನ್ನು ಕೇಳುತ್ತದೆ. ಆ ಹಗಲನ್ನು ಪಗೋಡಕ್ಕೆ ಕೊಟ್ಟೆ. ಏಳು ಅಂತಸ್ತು, ಕಿರಿದಾದ ಮೆಟ್ಟಿಲು. ಮೇಲೆ ಹತ್ತಿ ನಾಲ್ಕೂ ಕಿಟಕಿಗಳಿಂದ ನೋಡಿದೆವು. ಇಳಿದು ದಕ್ಷಿಣದ ಚೌಕಕ್ಕೆ ಬಂದಾಗ ಕೋಲು ಹಿಡಿದು ನಿಂತ ಹ್ಯೂಯೆನ್ ತ್ಸಾಂಗ್‌ನ ದೊಡ್ಡ ಕಂಚಿನ ಪ್ರತಿಮೆಯ ಮುಂದೆ ಒಬ್ಬ ಶಾಲಾಮಾಸ್ತರರು ಮಕ್ಕಳಿಗೆ ಏನೋ ವಿವರಿಸುತ್ತಿದ್ದರು. ಅಕ್ಕ ಅನುವಾದದ ಆ್ಯಪ್ ತೆರೆದು, ಈ ಭಿಕ್ಷು ನಮ್ಮ ರಾಜನ ನಾಡಿಗೂ ಬಂದಿದ್ದ ಎಂದು ಅವರಿಗೆ ಓದಿಸಿದಳು. ಮಾಸ್ತರರು ಕೂಡಲೇ ಅದನ್ನು ಮಕ್ಕಳಿಗೆ ಹೇಳಿದರು. ಆಮೇಲೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಟೈಪ್ ಮಾಡುವುದರಲ್ಲಿ ನಮ್ಮ ಸಂಜೆಯ ಊಟದ ಹೊತ್ತು ಅರ್ಧ ಗಂಟೆ ಮುಂದೆ ಹೋಯಿತು.